ಮರುಭೂಮಿಗೆ ಕಟ್ಟಿದ ಗಂಟು

ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಭಾತಂಬ್ರಾ ಗ್ರಾಮದಲ್ಲಿ, ಹಳೆಯ ಕೋಟೆಗೆ ಅನತಿದೂರದ ಒಂದು ಮನೆಯ ಪಡಸಾಲೆಯಲ್ಲಿ, 2023ರ ಸಂಕ್ರಾಂತಿ ಮುಗಿದ ಮೂರನೆಯ ದಿನ ಎರಡು ಚೀಲಗಳ ತೂಕ ನಡೆಯಿತು. ತೂಗಿದ್ದು ಅಂಗಡಿಯ ಹಳೆಯ ಕಾಟಾದ ಮೇಲೆ. ತೊಗರಿ, ಉದ್ದು, ಹೆಸರು, ಕಡಲೆಗಳನ್ನು ನಲವತ್ತು ವರ್ಷಗಳ ಕಾಲ ತೂಗಿದ ಆ ಕಾಟಾ, ಯಜಮಾನರು ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ ಮೇಲೆ ಮೂಲೆ ಸೇರಿತ್ತು. ಧೂಳು ಒರೆಸಿ ಅದನ್ನು ಹೊರಗೆ ತಂದದ್ದು ಮರುಭೂಮಿಯ ಪ್ರವಾಸದ ಸಾಮಾನು ತೂಗುವುದಕ್ಕಾಗಿ.

ಯಜಮಾನರಿಗೆ ಆಗ 63 ವರ್ಷ. ಜೈಸಲ್ಮೇರದ ಕೋಟೆಯೊಳಗಿನ ಜಿನಾಲಯಗಳನ್ನೂ, ಅಲ್ಲಿಂದ ಸುಮಾರು 15 ಕಿಲೋಮೀಟರು ದೂರದ ಲೋದ್ರವದ ಪಾರ್ಶ್ವನಾಥ ಮಂದಿರವನ್ನೂ ಒಮ್ಮೆ ದರ್ಶನ ಮಾಡಬೇಕೆಂಬ ಹಂಬಲ ಅವರಿಗೆ ಬಹುಕಾಲದಿಂದ ಇತ್ತು. ಅವು ಶ್ವೇತಾಂಬರ ಸಂಪ್ರದಾಯದ ಮಂದಿರಗಳು, ನಮ್ಮವು ದಿಗಂಬರ ಎಂದು ನೆಂಟರೊಬ್ಬರು ನೆನಪಿಸಿದಾಗ, ಬಿಂಬ ಪಾರ್ಶ್ವನಾಥರದ್ದೇ ಅಲ್ಲವೇ ಎಂದು ಕೇಳಿ ಸುಮ್ಮನಾಗಿದ್ದರು. ಪುಣೆಯಲ್ಲಿ ಇಂಜಿನಿಯರನಾಗಿರುವ ಮಗಳ ಮಗನಿಗೆ ಇನ್ನೊಂದು ಬಯಕೆ. ವಾಹನ ಹತ್ತದೆ, ಬೆನ್ನ ಮೇಲೆ ಗಂಟು ಹೊತ್ತು, ಮರಳಿನಲ್ಲಿ ನಡೆಯಬೇಕು, ಮರಳಿನಲ್ಲಿಯೇ ಮಲಗಬೇಕು. ಎರಡೂ ಬಯಕೆಗಳನ್ನು ಒಂದೇ ದಾರಿಗೆ ಹೊಂದಿಸಲಾಯಿತು. ಜೈಸಲ್ಮೇರದಿಂದ ಅಮರಸಾಗರ, ಅಲ್ಲಿಂದ ಲೋದ್ರವ, ಅಲ್ಲಿಂದ ಮರಳುಗುಡ್ಡಗಳಿರುವ ಸಮ್ ಗ್ರಾಮ. ಒಟ್ಟು ನಾಲ್ಕು ದಿನದ ಕಾಲ್ನಡಿಗೆ.

ಕಾಟಾ ತೋರಿಸಿದ ಲೆಕ್ಕ ಹೀಗಿತ್ತು: ಯಜಮಾನರ ಚೀಲ 17 ಕಿಲೋ 400 ಗ್ರಾಂ, ಮೊಮ್ಮಗನದು 19 ಕಿಲೋ. ಎರಡರಲ್ಲಿಯೂ ಇನ್ನೂ ಒಂದು ಹನಿ ನೀರು ಸೇರಿರಲಿಲ್ಲ.

ನೀರಿನ ಲೆಕ್ಕವನ್ನು ಮೊಮ್ಮಗನೇ ಬರೆದು ತೋರಿಸಿದ. ಚಳಿಗಾಲದಲ್ಲಿಯೂ ಒಣಹವೆಯಲ್ಲಿ ದಿನವಿಡೀ ನಡೆಯುವವನಿಗೆ ದಿನಕ್ಕೆ 4 ಲೀಟರು ಬೇಕು. ಲೋದ್ರವವನ್ನು ಬಿಟ್ಟರೆ ಸಮ್ ಸೇರುವವರೆಗೆ, ವಯಸ್ಸಾದವರ ನಡಿಗೆಯಲ್ಲಿ ಎರಡು ದಿನ. ಇಬ್ಬರಿಗೆ ಎರಡು ದಿನಕ್ಕೆ 16 ಲೀಟರು. ಅಡಿಗೆಗೂ ಪಾತ್ರೆಗೂ ಇನ್ನು 4. ಒಂದು ಲೀಟರು ನೀರೆಂದರೆ ಒಂದು ಕಿಲೋ ಭಾರ. ಅದನ್ನು ಕಡಿಮೆ ಮಾಡುವ ಯಾವ ಯಂತ್ರವೂ ಇಲ್ಲ, ಹಿಂಡಿ ಹಿಡಿಯುವ ಡಬ್ಬಿಯೂ ಇಲ್ಲ.

"ಮುತ್ಯಾ, ನೀರಿಂದೇ ಇಪ್ಪತ್ತು ಕಿಲೋ ಆಯ್ತು. ಸಾಮಾನು ಎಲ್ಲಿ ಇಡೋದು?"

"ನೀರು ಮೊದಲ ಇಡು ತಮ್ಮಾ. ಉಳಿದ ಜಾಗಾದಾಗ ಏನು ಹಿಡೀತದೋ ಅದೇ ನಮ್ಮ ಸಾಮಾನು."

ಯಜಮಾನರ ದೇಹದ ತೂಕ 64 ಕಿಲೋ. ಅದರ ಐದನೆಯ ಒಂದು ಪಾಲು, ಅಂದರೆ 13 ಕಿಲೋಗೆ ಮೀರಿ ಈ ವಯಸ್ಸಿನಲ್ಲಿ ಹೊರುವುದು ಅವಿವೇಕ. ಅದರಲ್ಲಿ 10 ಕಿಲೋ ನೀರಿಗೇ ಹೋದರೆ ಉಳಿಯುವುದು 3 ಕಿಲೋ. ಹದಿನೇಳು ಕಿಲೋ ನಾನೂರು ಗ್ರಾಮಿನ ಸಂಸಾರವನ್ನು ಮೂರು ಕಿಲೋಗೆ ಇಳಿಸುವುದು ಹೇಗೆ? ಪರಿಗ್ರಹ ಪರಿಮಾಣ ವ್ರತದ ಬಗ್ಗೆ ದಶಲಕ್ಷಣ ಪರ್ವದಲ್ಲಿ ಎಷ್ಟೋ ಪ್ರವಚನಗಳು ನಡೆಯುತ್ತವೆ. ಮನೆ, ಹೊಲ, ಬಂಗಾರ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳಬೇಕೆಂದು ಕೇಳುತ್ತೇವೆ, ತಲೆದೂಗುತ್ತೇವೆ. ಆ ಮಿತಿಯನ್ನು ಗ್ರಾಮಿನಲ್ಲಿ ಅಳೆಯುವ ಪ್ರಸಂಗ ಗೃಹಸ್ಥನಿಗೆ ಬರುವುದು ಅಪರೂಪ.

ನೀರಿನ ಬೆಲೆ ಬೀದರದ ಸೀಮೆಯವರಿಗೆ ತಿಳಿಯದ್ದೇನಲ್ಲ. ಜಂಬಿಟ್ಟಿಗೆ ಕಲ್ಲಿನ ಈ ನೆಲದಲ್ಲಿ ಬಹಮನಿ ಅರಸರ ಕಾಲದಲ್ಲಿಯೇ ನೌಬಾದದ ಬಳಿ ನೆಲದೊಳಗೆ ಸುರಂಗ ಕೊರೆದು, ಬಾವಿಯಂಥ ಗಾಳಿಕಿಂಡಿಗಳನ್ನು ತೋಡಿ ನೀರು ಹರಿಸಿದ ಕರೇಜ್ ಇಂದಿಗೂ ಇದೆ. ಆದರೂ ಬೀದರದಲ್ಲಿ ವರ್ಷಕ್ಕೆ 800 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಜೈಸಲ್ಮೇರದಲ್ಲಿ 200 ಮಿಲಿಮೀಟರು ತುಂಬುವುದೂ ಕಷ್ಟ. ಅದೇ ಥಾರ್ ಮರುಭೂಮಿಯ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣತೆ 51 ಡಿಗ್ರಿ ಮುಟ್ಟಿತ್ತು. ಜನವರಿಯನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ. ಜನವರಿಯಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಕೊರೆಯುವ ಚಳಿ, ಹೊದಿಕೆ ಬಿಡುವಂತಿಲ್ಲ.

ಎರಡೂ ಚೀಲಗಳನ್ನು ಜಮಖಾನದ ಮೇಲೆ ಬರಿದು ಮಾಡಲಾಯಿತು. ಯಜಮಾನರು ವ್ಯಾಪಾರಿಯ ಅಭ್ಯಾಸದಂತೆ ಮೂರು ರಾಶಿ ಹಾಕಿದರು. ಮೊದಲನೆಯದು ಇಲ್ಲದಿದ್ದರೆ ನಡೆಯದ ವಸ್ತುಗಳದ್ದು. ಎರಡನೆಯದು ಬೇಕಾಗಬಹುದಾದವುಗಳದ್ದು. ಮೂರನೆಯ ರಾಶಿಗೆ ಅವರು ಇಟ್ಟ ಹೆಸರು 'ಇರಲಿ'.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದಾಯಿತು. ಅದರಲ್ಲಿ ಏನೇನಿತ್ತು! ಮೂರು ಧೋತರಗಳಿರುವಾಗ ನಾಲ್ಕನೆಯದೊಂದು. ಕೊಡೆ. ಎರಡು ಬ್ಯಾಟರಿ, ಅವುಗಳಿಗೆ ಹೆಚ್ಚಿನ ಸೆಲ್ಲುಗಳು. ಮೊಬೈಲಿಗೆ ವಿದ್ಯುತ್ತು ತುಂಬುವ ಎರಡು ಪವರ್ ಬ್ಯಾಂಕುಗಳು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಮಡಚುವ ಕುರ್ಚಿ. ಕೌದಿಯ ಮೇಲೆ ಇನ್ನೊಂದು ಕೌದಿ. ಹಿತ್ತಾಳೆಯ ತಂಬಿಗೆ, ಚರಿಗೆ. ಖಾದಿಯ ರಟ್ಟು ಕಟ್ಟಿದ ಒಂದೂ ಕಾಲು ಕಿಲೋ ತೂಗುವ ಸ್ವಾಧ್ಯಾಯ ಗ್ರಂಥ. ಇದನ್ನು ಮೂರನೆಯ ರಾಶಿಗೆ ಹಾಕುವಾಗ ಯಜಮಾನರ ಕೈ ಸ್ವಲ್ಪ ತಡೆಯಿತು, ಕಂಠಪಾಠವಿದ್ದಷ್ಟು ಸಾಕೆಂದು ಕೊನೆಗೆ ಹಾಕಿದರು. ಬಹಳಷ್ಟು ವಸ್ತುಗಳನ್ನು ಚೀಲಕ್ಕೆ ಸೇರಿಸಿದ್ದು ಮನೆಯ ಹಿರಿಯಮ್ಮ, ಮೊಮ್ಮಕ್ಕಳ ಪಾಲಿನ ಆಯಿ. ಯಾವುದನ್ನು ತೆಗೆದರೂ ಅವರದು ಒಂದೇ ಮಾತು: "ಇರಲಿ ತಗೋರಿ, ಅದೇನು ಅನ್ನ ಕೇಳ್ತದಾ?"

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ನಮ್ಮ ಆಚಾರ್ಯರು ವಿವರಿಸಿದ್ದಾರೆ. ಮೂರ್ಛೆ ಎಂದರೆ ದೊಡ್ಡ ಲೋಭವೇ ಆಗಬೇಕೆಂದಿಲ್ಲ. ಕನ್ನಡದ ಮನೆಗಳಲ್ಲಿ ಅದು ಬರುವುದು 'ಇರಲಿ' ಎಂಬ ಈ ಮೆತ್ತಗಿನ ಮಾತಿನ ರೂಪದಲ್ಲಿ. ಯಾರೂ ಆಸೆಪಟ್ಟು ಎರಡನೆಯ ಪವರ್ ಬ್ಯಾಂಕು ಇಡುವುದಿಲ್ಲ, ಭಯಪಟ್ಟು ಇಡುತ್ತಾರೆ. ಮಳೆಯೇ ಇಲ್ಲದ ಊರಿಗೆ ಕೊಡೆ ಹೊರಟದ್ದು ಯಾವ ಭಯದಿಂದಲೋ ತಿಳಿಯದು. ಹೊರಡುವ ಮೊದಲು ನಾವು ಕಟ್ಟುವ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ಅಂಜಿಕೆಗಳೇ ಆಗಿರುತ್ತವೆ.

ಮೂರನೆಯ ರಾಶಿಯಲ್ಲಿ ಒಂದು ಚಿಕ್ಕ ತಗಡಿನ ಡಬ್ಬಿಯೂ ಇತ್ತು. ಬೇವಿನೆಣ್ಣೆಯಲ್ಲಿ ಅರಿಶಿನ ಕುದಿಸಿ ಆಯಿ ಮನೆಯಲ್ಲಿಯೇ ಮಾಡುವ ಮುಲಾಮು. ಕಾಲು ಒಡೆದರೆ, ಚರ್ಮ ಸುಲಿದರೆ ಹಚ್ಚುವುದಕ್ಕೆ. ಮೂರು ಸಲ ಅವರು ಅದನ್ನು ಚೀಲದೊಳಗೆ ಇಟ್ಟರು, ಮೂರು ಸಲವೂ ಯಜಮಾನರು ತೆಗೆದರು. ಔಷಧದ ಅಂಗಡಿಯ ಪಟ್ಟಿ, ರಕ್ತದೊತ್ತಡದ ಗುಳಿಗೆ ಇವೆಯಲ್ಲ, ಸಾಕು ಎಂಬುದು ಅವರ ವಾದ.

ಬುತ್ತಿಯ ವಿಷಯದಲ್ಲಿ ಮಾತ್ರ ತಕರಾರು ಬರಲಿಲ್ಲ. ಚಳಿಗಾಲದಲ್ಲಿ ಹಿಟ್ಟಿನ ಮರ್ಯಾದೆ ಏಳು ದಿನ. ಭಾಲ್ಕಿಯಿಂದ ಹೈದರಾಬಾದು, ಜೋಧಪುರಗಳ ಮೇಲೆ ಜೈಸಲ್ಮೇರ ಸೇರುವ ದಿನಗಳನ್ನು ಕಳೆದರೂ ನಡಿಗೆ ಮುಗಿಯುವವರೆಗೆ ಅದು ಸಾಲುತ್ತಿತ್ತು. ಜೋಳದ ಹಿಟ್ಟು, ಕಟಕ ರೊಟ್ಟಿ, ಬೆಳ್ಳುಳ್ಳಿ ಸೋಕದ ಶೇಂಗಾ ಚಟ್ನಿ, ಪುಠಾಣಿ, ಬೆಲ್ಲ, ಉತ್ತತ್ತಿ. ರೈಲಿನಲ್ಲಿ ಅನಿಲದ ಡಬ್ಬಿ ಒಯ್ಯುವುದು ನಿಷಿದ್ಧವಾದ್ದರಿಂದ ಉರುವಲನ್ನು ಅಲ್ಲಿಯೇ ಕೊಳ್ಳಬೇಕಾಗಿತ್ತು. ನೀರಿಗೂ ಮರ್ಯಾದೆಯುಂಟು. ಸೋಸಿದ ನೀರು 48 ನಿಮಿಷ, ಲವಂಗ ಮೊದಲಾದವನ್ನು ಹಾಕಿ ಪ್ರಾಸುಕ ಮಾಡಿದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ನೀರಿನ ನೆಲೆಗೆ ಮರಳಿ ಬಿಡಬೇಕಾದ್ದರಿಂದ ಸೋಸುವುದೆಲ್ಲ ಬಾವಿಯ ದಂಡೆಯಲ್ಲಿಯೇ ಮುಗಿಯಬೇಕು. ಹೀಗಾಗಿ ಎರಡು ಪದರದ ದಪ್ಪ ಬಟ್ಟೆಯೊಂದು ಮೊದಲನೆಯ ರಾಶಿಯ ತುದಿಯಲ್ಲಿ ಕುಳಿತಿತು. ನೀರು ಶುದ್ಧಮಾಡುವ ಗುಳಿಗೆ ಹಾಕಿಕೊಂಡರೆ ಸಾಕಲ್ಲವೇ ಎಂದು ಮೊಮ್ಮಗ ಕೇಳಿದ. ಗುಳಿಗೆ ಕುಡಿಯುವವನನ್ನು ಕಾಯುತ್ತದೆ, ಬಟ್ಟೆ ನೀರಿನಲ್ಲಿ ಇರುವವನ್ನು ಕಾಯುತ್ತದೆ, ಎರಡೂ ಹಗುರವೇ, ಎರಡನ್ನೂ ಇಡು ಎಂದರು ಯಜಮಾನರು.

ಸಂಜೆಯ ಹೊತ್ತಿಗೆ ಯಜಮಾನರ ಚೀಲ 6 ಕಿಲೋಗೆ ಇಳಿಯಿತು, ಇನ್ನು ಇಳಿಯಲೊಲ್ಲದು. ನೀರು ಸೇರಿದರೆ 16. ಮೊಮ್ಮಗ ಯುವಕ, 20ರವರೆಗೆ ಹೊರಬಲ್ಲ. ಆದರೂ ಲೆಕ್ಕ ಕೂಡಲಿಲ್ಲ.

ಆಗ ನೆನಪಾದದ್ದು ಮುನಿಗಳ ವಿಹಾರ. ದಿಗಂಬರ ಮುನಿಗಳ ಬಳಿ ಇರುವುದು ಮೂರೇ ವಸ್ತುಗಳು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಕಮಂಡಲುವಿನ ನೀರು ಕುಡಿಯುವುದಕ್ಕಲ್ಲ. ದಿನಕ್ಕೊಮ್ಮೆ ನಿಂತು ಕೈಯಲ್ಲಿ ಆಹಾರ, ಆಗಲೇ ನೀರು. ಉರಿಬಿಸಿಲಿನಲ್ಲಿಯೂ ಅವರ ನಡಿಗೆ ಹಾಗೆಯೇ ಸಾಗುತ್ತದೆ. ಅವರ ಮುಂದೆ ನಮ್ಮದೇನು ಎಂದು ಯಜಮಾನರು ಅಂದುಕೊಂಡದ್ದುಂಟು. ಆದರೆ ವಿಹಾರವನ್ನು ಹತ್ತಿರದಿಂದ ಕಂಡವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಮುನಿಗಳು ನಡೆಯುವ ದಾರಿಯಲ್ಲಿ ಚೌಕಾ ಹೂಡುವ ಶ್ರಾವಕರು ಪಾತ್ರೆ, ಧಾನ್ಯ, ಒಲೆ, ನೀರಿನ ಕೊಡ ಎಲ್ಲವನ್ನೂ ಗಾಡಿಯಲ್ಲಿ ತುಂಬಿಕೊಂಡು ಊರಿಂದೂರಿಗೆ ಸಾಗುತ್ತಾರೆ. ಮುನಿಗಳು ಅದನ್ನು ಬೇಡಿದವರಲ್ಲ, ತಮ್ಮದೆಂದವರಲ್ಲ. ಸಿಗದಿದ್ದರೆ ಉಪವಾಸವೇ ಅವರ ಉತ್ತರ. ಗೃಹಸ್ಥನಿಗೆ ಆ ಉತ್ತರದ ಬಲವಿಲ್ಲ. ಅವನು ಹಗುರಾಗಿ ನಡೆಯುತ್ತಿದ್ದರೆ ಅವನ ಭಾರ ಎಲ್ಲಿಗೆ ಹೋಯಿತೆಂದು ತಿರುಗಿ ನೋಡಬೇಕಾಗುತ್ತದೆ.

ಭಾರ ಹೋಗುವ ದಾರಿ ಆ ರಾತ್ರಿಯೇ ತೆರೆಯಿತು. ಮೊಮ್ಮಗ ಜೈಸಲ್ಮೇರದಲ್ಲಿ ಪ್ರವಾಸ ಏರ್ಪಡಿಸುವ ಒಬ್ಬರಿಗೆ ಫೋನು ಮಾಡಿದ. ಆ ಕಡೆಯಿಂದ ಬಂದ ಉತ್ತರ ಸರಳವಾಗಿತ್ತು: ಒಂದು ಒಂಟೆ ಕೊಡುತ್ತೇವೆ, ಒಂಟೆಯವನೂ ಬರುತ್ತಾನೆ, ನೀರು, ಹಾಸಿಗೆ, ಟೆಂಟು ಎಲ್ಲವನ್ನೂ ಅದರ ಮೇಲೆ ಹೇರಿರಿ, ಏನು ಬೇಕಾದರೂ ತನ್ನಿರಿ.

ಏನು ಬೇಕಾದರೂ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೂರನೆಯ ರಾಶಿ ತಾನಾಗಿಯೇ ಎದ್ದು ಬಂದು ಚೀಲ ಸೇರತೊಡಗಿತು. ಕುರ್ಚಿ ಬಂತು, ಎರಡನೆಯ ಕೌದಿ ಬಂತು. ಆಯಿ ಒಂದು ಡಬ್ಬಿ ಕರಿಗಡಬು ಸೇರಿಸಿದರು. ಯಾರ ಬೆನ್ನೂ ನೋಯದಿರುವಾಗ ಯಾರು ಬೇಡವೆಂದಾರು? ಯಜಮಾನರೂ ಗ್ರಂಥವನ್ನು ಕೈಗೆ ತೆಗೆದುಕೊಂಡರು. ಆಮೇಲೆ ಅದನ್ನು ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ಕುಳಿತರು. ಆ ರಾತ್ರಿ ಅವರು ಮೊಮ್ಮಗನಿಗೆ ಹೇಳಿದ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ.

ಅದು 1982ರ ಮಾತು. ಬಿ.ಕಾಂ. ಮುಗಿಸಿ ಬಂದು ಅಂಗಡಿಯಲ್ಲಿ ಕುಳಿತ ಹೊಸದು. ತೊಗರಿಯ ಸುಗ್ಗಿ. ಭಾಲ್ಕಿಯ ಪೇಟೆಗೆ ಒಂದು ಗಾಡಿಗೆ ಹತ್ತು ಚೀಲ ಕಳಿಸುವುದು ತಂದೆಯವರ ಪದ್ಧತಿ. ಹದಿನಾಲ್ಕು ಹೇರಿದರೆ ಮೂರು ಸಲದ ಬಾಡಿಗೆ ಎರಡಕ್ಕೆ ಇಳಿಯುತ್ತದೆ ಎಂದು ಹೊಸ ಪದವೀಧರನ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ದಾರಿಯ ಏರಿನಲ್ಲಿ ಬಲಗಡೆಯ ಎತ್ತು ಮೊಣಕಾಲೂರಿತು. ಗಾಡಿಯವನು ಬಾರುಕೋಲು ಎತ್ತಿದ. ಅದು ಎದ್ದಿತು, ಎಳೆಯಿತು, ಪೇಟೆ ಮುಟ್ಟಿಸಿತು. ನೊಗ ಇಳಿಸಿದಾಗ ಹೆಗಲಿನ ಚರ್ಮ ಅಂಗೈಯಗಲ ಕಿತ್ತು ನೊಗಕ್ಕೆ ಅಂಟಿತ್ತು.

ತಂದೆಯವರು ಬಯ್ಯಲಿಲ್ಲ. ಎತ್ತಿಗೆ ವಾಸಿಯಾಗುವವರೆಗೆ ಅದರ ಮೇವಿನ ಖರ್ಚು, ಗಾಡಿಯವನ ಕೂಲಿ ತಾವೇ ಕೊಟ್ಟರು. ದಿನವೂ ಬೆಳಿಗ್ಗೆ ಬೇವಿನೆಣ್ಣೆ-ಅರಿಶಿನದ ಮುಲಾಮು ಮನೆಯಿಂದ ಹೋಗುತ್ತಿತ್ತು. ಅಂಗಡಿಯ ಖಾತೆ ಪುಸ್ತಕದಲ್ಲಿ ಮಗನ ಹೆಸರಿಗೆ ಒಂದು ಹೊಸ ಪುಟ ತೆಗೆದರು. ಅದರಲ್ಲಿ ರೂಪಾಯಿ ಇಲ್ಲ, ಪೈಸೆ ಇಲ್ಲ. ನಾವೆಯ ಕಡೆ ಒಂದೇ ಸಾಲು: ನಾಲ್ಕು ಚೀಲ. ಪ್ರತಿವರ್ಷ ದೀಪಾವಳಿಗೆ ಹೊಸ ಪುಸ್ತಕದ ಪೂಜೆಯಾಗುವಾಗ ಆ ಬಾಕಿಯನ್ನು ಮುಂದಿನ ಪುಸ್ತಕಕ್ಕೆ ತಾವೇ ಏರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಜಮಾನರು ಏರಿಸುತ್ತ ಬಂದಿದ್ದಾರೆ.

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಪ್ರಾಣಿಯನ್ನು ಬಿಗಿದು ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅನ್ನ-ನೀರನ್ನು ತಡೆಯುವುದು, ಇವುಗಳ ಜೊತೆಗೆ ಒಂದು ಅತಿಭಾರಾರೋಪಣ. ಮಿತಿಮೀರಿ ಭಾರ ಹೇರುವುದನ್ನು ಹೊಡೆತದ ಸಾಲಿನಲ್ಲಿಯೇ ಕೂರಿಸಿರುವುದು ವ್ಯಾಪಾರಿ ಸಮಾಜವೊಂದರ ನಾಡಿಯನ್ನು ಹಿಡಿದು ನೋಡಿದವರ ಕೆಲಸ. ನಮ್ಮಲ್ಲಿ ಪ್ರಾಣಿಯನ್ನು ಹೊಡೆಯುವವರು ಕಡಿಮೆ. ಭಾರ ಹೇರಿದವರು ಕಡಿಮೆಯಿಲ್ಲ.

ಮೊಮ್ಮಗ ಓದಿದವನು, ಕಾನೂನನ್ನೇ ಮುಂದಿಟ್ಟ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ ಭಾರತ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳಿವೆ. ಅವುಗಳ ಪ್ರಕಾರ ಕತ್ತೆಗೆ 50 ಕಿಲೋ, ಒಂಟೆಗೆ 250 ಕಿಲೋ ಮೀರುವಂತಿಲ್ಲ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. "ನಮ್ಮದು ಎಲ್ಲಾ ಕೂಡಿ ಎಂಬತ್ತು ಕಿಲೋ ಆಗಂಗಿಲ್ಲ, ಮುತ್ಯಾ. ಒಂಟಿಗೆ ಅದು ಏನೂ ಅಲ್ಲ." ಮಾತು ಸರಿಯಾಗಿತ್ತು. ಯಜಮಾನರು ಒಪ್ಪಿದರು, ಎರಡು ಷರತ್ತುಗಳ ಮೇಲೆ. ಒಂಟೆಯ ಮೇಲೆ ನೀರು ಮತ್ತು ಟೆಂಟು ಮಾತ್ರ. ಉಳಿದದ್ದು ಅವರವರ ಬೆನ್ನಿಗೆ. ಹೇರುವ ಮೊದಲು ಒಂಟೆಯ ಜೀನು ಎತ್ತಿಸಿ ಬೆನ್ನು ನೋಡಬೇಕು. ಮೂರನೆಯ ರಾಶಿ ಮತ್ತೆ ಜಮಖಾನಕ್ಕೆ ಇಳಿಯಿತು. ಕರಿಗಡಬಿನ ಡಬ್ಬಿ ಮಾತ್ರ ರೈಲಿನವರೆಗೆ ಎಂಬ ಒಪ್ಪಂದದ ಮೇಲೆ ಉಳಿದುಕೊಂಡಿತು.

ಅಷ್ಟಾದರೂ ಲೆಕ್ಕ ಮುಗಿಯಲಿಲ್ಲ ಎಂಬುದು ಮರುದಿನ ಮೊಮ್ಮಗನಿಗೇ ಹೊಳೆಯಿತು. ಒಂಟೆ ಬಂದರೆ ಒಂಟೆಯವನೂ ಬರುತ್ತಾನೆ. ಅವನೂ ನೀರು ಕುಡಿಯುತ್ತಾನೆ, ರೊಟ್ಟಿ ತಿನ್ನುತ್ತಾನೆ, ಚಳಿಗೆ ಹೊದೆಯುತ್ತಾನೆ. ಭಾರ ಹೊರಲು ಕರೆದವರ ಭಾರವೂ ಭಾರಕ್ಕೆ ಸೇರಿತು. ಇನ್ನೊಂದು ಡಬ್ಬಿ ನೀರು ಹೆಚ್ಚಾಯಿತು. ಸಾಮಾನು ಅನ್ನ ಕೇಳುವುದಿಲ್ಲ ನಿಜ, ಹೊರುವವನು ಕೇಳುತ್ತಾನೆ.

ಜೈಸಲ್ಮೇರದ ಕೋಟೆಯನ್ನು, ಅದರೊಳಗಿನ ಹಳದಿ ಕಲ್ಲಿನ ಜಿನಾಲಯಗಳನ್ನು, ಜಿನಭದ್ರಸೂರಿ ಜ್ಞಾನಭಂಡಾರದ ತಾಳೆಗರಿಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ. ಇಲ್ಲಿ ಅದರ ವಿಸ್ತಾರ ಬೇಡ. ಒಂದು ದಿನ ಅಲ್ಲಿ ದರ್ಶನ ಮುಗಿಸಿ, ಮರುದಿನ ಸೂರ್ಯೋದಯಕ್ಕೆ ಹೊರಟು, ಸುಮಾರು 6 ಕಿಲೋಮೀಟರು ನಡೆದು ಇಬ್ಬರೂ ಅಮರಸಾಗರ ಸೇರಿದರು. ಪಟವಾ ಮನೆತನದವರು ಕಟ್ಟಿಸಿದ ಆದಿನಾಥ ಮಂದಿರವಿರುವ ಊರದು. ಒಂಟೆ ಅಲ್ಲಿಗೆ ಬರಬೇಕೆಂದು ಮಾತಾಗಿತ್ತು, ಬಂದಿತ್ತು. ಕುಣಿಕೆ ಎಳೆದೊಡನೆ ಗೊಣಗುತ್ತ ಮಂಡಿಯೂರಿ ಕುಳಿತಿತು. ಯಜಮಾನರು ತಮಗೆ ಬರುವ ಉರ್ದು ಬೆರೆತ ಹಿಂದಿಯಲ್ಲಿ ಜೀನು ಎತ್ತಲು ಕೇಳಿದರು. ಒಂಟೆಯವನಿಗೆ ಅದು ಇಷ್ಟವಾಗಲಿಲ್ಲ. ಆದರೂ ಎತ್ತಿದ.

ಡುಬ್ಬದ ಎಡಬದಿಯಲ್ಲಿ, ಜೀನಿನ ಕಟ್ಟಿಗೆ ಒತ್ತುವ ಕಡೆ, ರೂಪಾಯಿ ನಾಣ್ಯದಗಲದ ಹಸಿ ಹುಣ್ಣು. ಸುತ್ತ ಕೂದಲು ಉದುರಿತ್ತು.

ಹಳೆಯದು, ಏನೂ ಆಗುವುದಿಲ್ಲ, ಕೆಳಗೆ ಇನ್ನೊಂದು ಗೋಣಿತಟ್ಟು ಮಡಚಿ ಹಾಕಿದರೆ ನಡೆಯುತ್ತದೆ ಎಂದ ಅವನು. ಹುಣ್ಣಿನಿಂದ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಮಾತನ್ನು ಯಜಮಾನರು ಅವನಿಗೆ ಹೇಳಲಿಲ್ಲ. ಅವನ ಮುಖದಲ್ಲಿ ಕಾಣುತ್ತಿದ್ದುದು ಕ್ರೌರ್ಯವಲ್ಲ, ನಾಲ್ಕು ದಿನದ ಬಾಡಿಗೆ ಕೈತಪ್ಪುವ ಆತಂಕ. ದೇಶದಲ್ಲಿ ಒಂಟೆಗಳೇ ಕಡಿಮೆಯಾಗುತ್ತಿವೆ. 2012ರ ಗಣತಿಯಲ್ಲಿ ಸುಮಾರು 4 ಲಕ್ಷವಿದ್ದವು 2019ಕ್ಕೆ ಎರಡೂವರೆ ಲಕ್ಷಕ್ಕೆ ಇಳಿದಿದ್ದವು. ಒಂಟೆ ರಾಜಸ್ಥಾನದ ರಾಜ್ಯಪ್ರಾಣಿಯೆಂದು 2014ರಲ್ಲಿ ಘೋಷಣೆಯಾಗಿದೆ. ಘೋಷಣೆಯಿಂದ ಅದರ ಮೇವಿನ ಖರ್ಚು ಹುಟ್ಟುವುದಿಲ್ಲ; ಪ್ರವಾಸಿಗಳಿಂದ ಹುಟ್ಟುತ್ತದೆ. ಹುಣ್ಣು ಕಂಡು ಒಂಟೆಯನ್ನು ಹಿಂದಕ್ಕೆ ಕಳಿಸುವವನು ಕೈತೊಳೆದುಕೊಂಡಂತಾಗುತ್ತದೆ. ಒಂಟೆ ಮರುದಿನ ಬೇರೊಬ್ಬರ ಸಾಮಾನು ಹೊತ್ತೇ ಹೊರುತ್ತದೆ.

ಮೊಮ್ಮಗನಿಗೆ ಸಿಟ್ಟು ಬಂತು. ಸಾವಿರಾರು ಕಿಲೋಮೀಟರು ಬಂದದ್ದು ಮರಳುಗುಡ್ಡ ನೋಡುವುದಕ್ಕೆ; ಬೇರೆ ಒಂಟೆ ತರಿಸಿದರಾಯಿತು ಎಂದ. ಅದು ನ್ಯಾಯವಾದ ಮಾತೇ. ಆದರೆ ಬಾಡಿಗೆ ಆಗ ಬೇರೆಯವನ ಪಾಲಾಗುತ್ತಿತ್ತು. ಮಾತು ಬೆಳೆಯುತ್ತಿರುವಾಗ ಯಜಮಾನರು ಚೀಲ ಬಿಚ್ಚಿ ಔಷಧದ ಪೊಟ್ಟಣ ಹುಡುಕತೊಡಗಿದರು. ಪಟ್ಟಿ ಇತ್ತು, ಗುಳಿಗೆ ಇತ್ತು. ತಗಡಿನ ಡಬ್ಬಿ ಇರಲಿಲ್ಲ. ಅದು ಭಾತಂಬ್ರಾದ ಪಡಸಾಲೆಯಲ್ಲಿ, ಕೊಡೆ ಮತ್ತು ಕುರ್ಚಿಗಳ ಜೊತೆ ಉಳಿದಿತ್ತು.

ಅವರು ಬರಿಗೈಯಲ್ಲಿ ನಿಂತದ್ದನ್ನು ನೋಡಿ ಮೊಮ್ಮಗ ಏನೂ ಆಡಲಿಲ್ಲ. ಒಂದು ಜೀಪು ಪಟ್ಟಣದ ಕಡೆ ಹೊರಟಿತ್ತು; ಕೈಮಾಡಿ ಹತ್ತಿದ. ಪಶುವೈದ್ಯರ ಔಷಧ ತಂದು ಅವನು ತಿರುಗಿ ಬಂದಾಗ ಹನ್ನೊಂದು ಗಂಟೆ. ಒಂಟೆಯವನು ಹುಣ್ಣನ್ನು ತೊಳೆದ, ಮೊಮ್ಮಗ ಹಚ್ಚಿದ. ಒಂಟೆ ಕುತ್ತಿಗೆ ತಿರುಗಿಸಿ ಅವನ ತೋಳಿನ ಮೇಲೆ ಒಮ್ಮೆ ಉಗುಳಿತು.

ಅರ್ಧ ದಿನ ಕಳೆದಿತ್ತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕಾದವರಿಗೆ ಜನವರಿಯ ಹಗಲು ಮೊದಲೇ ಚಿಕ್ಕದು. ಸಮ್ ಕಡೆಯ ದಾರಿಯನ್ನು ಕೈಬಿಡಲಾಯಿತು. ಅಮರಸಾಗರದಿಂದ ಲೋದ್ರವಕ್ಕೆ ಹೋಗಿ, ಎರಡು ರಾತ್ರಿ ಅಲ್ಲಿದ್ದು, ಸುತ್ತಲಿನ ಬಯಲಲ್ಲಿ ನಡೆದು, ಬಂದ ದಾರಿಯಲ್ಲಿಯೇ ಹಿಂದಿರುಗುವುದೆಂದಾಯಿತು. ಎರಡು ತುದಿಯಲ್ಲಿಯೂ ನೀರು ಸಿಗುವುದರಿಂದ ತಲೆಗೆ 4 ಲೀಟರು ಸಾಕು. 6 ಕಿಲೋ ಚೀಲ, 4 ಕಿಲೋ ನೀರು. ಯಜಮಾನರ ಬೆನ್ನಿಗೆ 10 ಕಿಲೋ. ಟೆಂಟು ಮೊಮ್ಮಗನ ಬೆನ್ನೇರಿತು. ಮಾತಾದ ಬಾಡಿಗೆಯನ್ನು ಪೂರ್ತಿ ಕೊಡಹೋದಾಗ ಒಂಟೆಯವನು ದುಡಿಯದ ಹಣ ಬೇಡವೆಂದ. ಒಂಟೆಯನ್ನು ಅಣ್ಣನ ಮನೆಯ ಖೇಜಡಿ ಮರದ ನೆರಳಿಗೆ ಕಟ್ಟಿ, ದಾರಿ ತೋರಿಸುವವನಾಗಿ ತಾನೂ ನಡೆದು ಬಂದ. ದಾರಿಯುದ್ದಕ್ಕೂ ಅವನು ಹೊತ್ತದ್ದು ಒಂದು ಹೊದಿಕೆ, ಒಂದು ನೀರಿನ ಬಾಟಲಿ, ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ.

ಲೋದ್ರವದಲ್ಲಿ ಎರಡನೆಯ ರಾತ್ರಿ ಚಳಿ ಹೆಚ್ಚಿತ್ತು. ಯಜಮಾನರು ಬಿಟ್ಟುಬಂದ ಎರಡನೆಯ ಕೌದಿಯನ್ನು ನೆನೆಸಿಕೊಂಡರೆಂದೂ, ಅದನ್ನು ಬಾಯಿಬಿಟ್ಟು ಹೇಳಲಿಲ್ಲವೆಂದೂ ಮೊಮ್ಮಗ ಆಮೇಲೆ ಮನೆಯಲ್ಲಿ ವರದಿ ಮಾಡಿದ. ಮರಳುಗುಡ್ಡ ತಪ್ಪಿದ ಬೇಸರ ಅವನಿಗೆ ಆಗಲೂ ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ.

ಊರು ಸೇರಿದ ಮರುದಿನ ಚೀಲಗಳನ್ನು ಮತ್ತೆ ಕಾಟಾದ ಮೇಲೆ ಇಟ್ಟರು. ಮುಟ್ಟದೆಯೇ ಮರಳಿ ಬಂದ ಸಾಮಾನು, ಅಷ್ಟು ಸೋಸಿದ ಮೇಲೆಯೂ, 2 ಕಿಲೋ 100 ಗ್ರಾಂ ಇತ್ತು. ಮೊಮ್ಮಗ ಖಾತೆ ಪುಸ್ತಕ ತರಿಸಿಕೊಂಡು ಆ ಪುಟ ನೋಡಿದ. ಒಂಟೆಯ ಬೆನ್ನಿಗೆ ಏರದೆ ಉಳಿದ ಭಾರವನ್ನು ಇಲ್ಲಿ ಜಮಾ ಬರೆಯಬಾರದೇ ಎಂದು ಕೇಳಿದ.

"ಎತ್ತಿನ ಬಾಕಿ ಒಂಟಿಗೆ ಜಮಾ ಆಗಂಗಿಲ್ಲ ತಮ್ಮಾ," ಎಂದು ಯಜಮಾನರು ಪುಸ್ತಕ ಮುಚ್ಚಿದರು.

ಅಷ್ಟರಲ್ಲಿ ಆಯಿ ಒಳಗಿನಿಂದ ತಗಡಿನ ಡಬ್ಬಿ ತಂದು ಯಜಮಾನರ ಚೀಲದ ಹೊರಜೇಬಿಗೆ ಹಾಕಿ, ಗುಂಡಿ ಹಚ್ಚಿ, ಚೀಲವನ್ನು ಗೂಟಕ್ಕೆ ನೇತುಹಾಕಿದರು. ಮೊಮ್ಮಗ ಅದನ್ನೂ ಒಮ್ಮೆ ತೂಗೋಣವೆಂದು ಕಾಟಾದ ಕಡೆ ತಿರುಗಿದ. ಅವರು ತೂಗಗೊಡಲಿಲ್ಲ.